ಬಿರುಗಾಳಿಯ ಕೈ ಅಳತೆ

ಸೆಪ್ಟೆಂಬರ್ 9

ಅತ್ತೆಯವರಿಗೆ ನಮಸ್ಕಾರ.

ಸುಖವಾಗಿ ತಲುಪಿದೆ. ಸುಖವಾಗಿ ಎಂಬುದು ಮರ್ಯಾದೆಗೆ ಬರೆದ ಮಾತು. ನಿಮ್ಮ ಮಗ ಲಾರಿಯ ಹಿಂದೆ ಯಂತ್ರ ಕಟ್ಟಿದ್ದೇವೆ ಎಂಬುದನ್ನೇ ಮರೆತು ಹೊಂಡ ಕಂಡಲ್ಲೆಲ್ಲ ಹಾರಿಸಿದರು. ಕೇಳಿದರೆ, “ಹೊಲದಲ್ಲಿ ನಡೆಯೋ ಯಂತ್ರ ಅಂತೀಯ, ಹೊಂಡಕ್ಕೆ ಹೆದರಿದ್ರೆ ಹೇಗೆ?” ಎಂದರು. ಇಳಿಸಿ ನೋಡಿದಾಗ ಒಂದು ಬೋಲ್ಟ್ ಸಡಿಲವಾಗಿತ್ತು, ಅಷ್ಟೇ. ಅವರಿಗೆ ಹೇಳಬೇಡಿ. ಹೇಳಿದರೆ ವಾಪಸ್ ಕರೆತರುವಾಗ ಇನ್ನೂ ಜೋರಾಗಿ ಓಡಿಸುತ್ತಾರೆ.

ಪರೀಕ್ಷಾ ಕೇಂದ್ರ ಎಂದರೆ ಹತ್ತಿ ಹೊಲಗಳ ನಡುವೆ ನಾಲ್ಕು ಶೆಡ್ಡು, ಒಂದು ಕಚೇರಿ, ಒಂದು ನೀರಿನ ಟ್ಯಾಂಕು. ಫೋನ್ ಇರುವುದು ಪರೀಕ್ಷಾಧಿಕಾರಿಗಳ ಮೇಜಿನ ಮೇಲೆ. ಅವರೆದುರು ನಿಂತು ಮನೆಯ ಮಾತು ಆಡಲಾಗುವುದಿಲ್ಲ, ಆದ್ದರಿಂದ ಕಾಗದವೇ ಗತಿ. ಅವರನ್ನು ಎಲ್ಲರೂ ಬೆನ್ನ ಹಿಂದೆ ಗಂಟುಮೋರೆ ಎನ್ನುತ್ತಾರೆ. ಅವರು ನನ್ನ ಯಂತ್ರದ ಸುತ್ತ ಒಂದು ಸುತ್ತು ಬಂದು, “ಇದು ಹತ್ತಿ ಬಿಡಿಸುತ್ತೋ, ಹುಲ್ಲು ಕತ್ತರಿಸುತ್ತೋ?” ಎಂದು ಕೇಳಿದರು. ಹತ್ತಿ ಬಿಡಿಸುತ್ತದೆ ಎಂದೆ. “ನೋಡೋಣ” ಎಂದು ಹೊರಟುಹೋದರು.

ಈ ಸುಗ್ಗಿ ಮುಗಿಯುವುದರೊಳಗೆ ಯಂತ್ರ ಇಲ್ಲಿ ಪಾಸಾಗಬೇಕು. ಪಾಸಾದರೆ ನಮ್ಮ ಕಾರ್ಖಾನೆ ಮೊದಲ ಆರು ಯಂತ್ರಗಳನ್ನು ಕಟ್ಟುತ್ತದೆ. ಇಲ್ಲದಿದ್ದರೆ ಇದನ್ನು ಬಿಚ್ಚಿ ಕಪಾಟಿಗೆ ಹಾಕಿ, ನನ್ನನ್ನು ಮತ್ತೆ ಪಂಪು ರಿಪೇರಿಗೆ ಕೂರಿಸುತ್ತಾರೆ. ಮಧ್ಯದ ದಾರಿ ಇಲ್ಲ ಎಂದು ಕಾರ್ಖಾನೆಯ ಯಜಮಾನರು ನಾನು ಹೊರಡುವ ಮುಂಚೆಯೇ ಹೇಳಿದ್ದಾರೆ.

ನಾನು ಹೊರಡುವಾಗ ನೀವು ಬಾಗಿಲಿಗೆ ಬರಲಿಲ್ಲ. ಅಡುಗೆಮನೆಯಿಂದಲೇ, “ಬೆಳಗ್ಗೆ ಬೇಗ ಹೊಲಕ್ಕಿಳಿ. ಎಲೆ ಮೆತ್ತಗಿರುವಾಗಲೇ ಹತ್ತಿ ಬಿಡಿಸಬೇಕು” ಎಂದಿರಿ. ಸಿಟ್ಟಿನಲ್ಲಿ ಹೇಳಿದ್ದಾದರೂ ಕೇಳಿಸಿಕೊಂಡಿದ್ದೇನೆ.

ಒಂದು ಉಪಕಾರ ಮಾಡಿ. ಯಂತ್ರ ತಳ್ಳುವ ಹಿಡಿಯನ್ನು ಇಲ್ಲಿ ಹೊಸದಾಗಿ ಮಾಡಬೇಕು. ಬಹಳ ವರ್ಷ ಹತ್ತಿ ಬಿಡಿಸಿದ ಕೈಯ ಅಳತೆ ಬೇಕು. ನಿಮ್ಮ ಬಲಗೈಯನ್ನು ಹಾಳೆಯ ಮೇಲಿಟ್ಟು, ಸುತ್ತ ಗೆರೆ ಎಳೆದು ಕಳಿಸಿ.

ನಿಮ್ಮ ಸೊಸೆ


ಸೆಪ್ಟೆಂಬರ್ 21

ಸೊಸೆಗೆ,

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆಯುವುದು ಎಂದು ಶುರು ಮಾಡುವುದು ವಾಡಿಕೆ. ಬರೆದೆ ಎಂದುಕೊ. ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ.

ಬಾಗಿಲಿಗೆ ಬರಲಿಲ್ಲ, ನಿಜ. ಒಲೆಯ ಮೇಲೆ ಹಾಲಿತ್ತು. ಹಾಲು ಇರಲಿಲ್ಲ ಎಂದು ನಿನಗೂ ಗೊತ್ತು. ನನಗೆ ಆ ಯಂತ್ರ ಕಂಡರೆ ಆಗುವುದಿಲ್ಲ, ಅದನ್ನು ಮುಚ್ಚಿಡುವುದೇಕೆ? ನನ್ನ ಆಯುಷ್ಯವೆಲ್ಲ ಹತ್ತಿ ಸಾಲುಗಳ ನಡುವೆಯೇ ಕಳೆದಿದೆ. ನಾನು ಸಾಲಿನ ಆ ತುದಿ ಮುಟ್ಟಿ ನೀರು ಕುಡಿಯುವಾಗ ಉಳಿದವರು ಇನ್ನೂ ಅರ್ಧದಲ್ಲಿರುತ್ತಿದ್ದರು. ಅದಕ್ಕೇ ಗುಂಪಿನವರು ಬಿರುಗಾಳಿ ಎಂದು ಹೆಸರಿಟ್ಟರು. ಐದು ಬೆರಳೂ ಒಟ್ಟಿಗೆ ಒಡೆದ ಕಾಯಿಯೊಳಗೆ ಹೋಗಬೇಕು, ಒಣ ಸಿಪ್ಪೆಗೆ ತಾಕಬಾರದು, ಹತ್ತಿ ಒಂದೇ ಸಲಕ್ಕೆ ಎದ್ದು ಬರಬೇಕು. ನೀನು ಅದನ್ನು ಕಬ್ಬಿಣಕ್ಕೆ ಕಲಿಸಲು ಹೊರಟಿದ್ದೀಯ. ಕಲಿಸು, ನೋಡುತ್ತೇನೆ.

ಗುಂಪಿನ ಮುಂದಾಳು ದೊಡ್ಡಕ್ಕ ನಿನ್ನೆ ದಾರಿಗೆ ಅಡ್ಡ ನಿಂತಳು. “ನಿನ್ನ ಸೊಸೆಯ ಯಂತ್ರ ಬಂದ ಮೇಲೆ ನಾವೆಲ್ಲ ನೊಣ ಹೊಡ್ಕೊಂಡು ಕೂರ್ಬೇಕಾ?” ಎಂದು ಕೇಳಿದಳು. “ಮೊದಲು ಅದು ನಡೀಲಿ ಬಿಡು” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಈ ವರ್ಷವೂ ನಾನು ಬಿಡಿಸಲು ಹೋಗುತ್ತಿಲ್ಲ. ಮನೆಯಲ್ಲಿ ಕೆಲಸ ಜಾಸ್ತಿ. ಇರುವವಳು ನಾನೊಬ್ಬಳು, ನಿನ್ನ ಗಂಡ ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ, ಆದರೂ ಜಾಸ್ತಿ.

ಕೈಯ ಗೆರೆ ಇದರ ಜೊತೆಗಿದೆ. ತೀರಾ ಚೆನ್ನಾಗಿ ಬಂದಿದೆ ಎಂದು ಆಶ್ಚರ್ಯಪಡಬೇಡ. ಪಕ್ಕದ ಮನೆಯ ದರ್ಜಿ ಬಂದಿದ್ದಳು, ಗೆರೆ ಎಳೆಯಲು ಸಹಾಯ ಮಾಡಿದಳು.

ನಿನ್ನ ಅತ್ತೆ


ಅಕ್ಟೋಬರ್ 6

ಅತ್ತೆಯವರಿಗೆ,

ಕೈಯ ಗೆರೆ ಸಿಕ್ಕಿತು. ಚೆಂದದ ಕೈ. ಹಿಡಿಯ ಕೆಲಸ ಶುರು ಮಾಡಿದ್ದೇನೆ.

ಮಳೆ ಹಿಡಿದದ್ದರಿಂದ ಹೊಲಕ್ಕೆ ಇಳಿಯಲಾಗಲಿಲ್ಲ. ನಾಲ್ಕನೇ ಶೆಡ್ಡಿನಲ್ಲಿ ಹತ್ತಿಯ ಹಳೆಯ ಯಂತ್ರಗಳನ್ನೆಲ್ಲ ಸಾಲಾಗಿ ಇಟ್ಟಿದ್ದಾರೆ. ಅಲ್ಲೇ ಹಗಲು ಕಳೆದೆ. ನೀವು ಜೊತೆಗಿದ್ದರೆ ಪ್ರತಿಯೊಂದಕ್ಕೂ ಒಂದು ಬೈಗುಳ ಸಿಗುತ್ತಿತ್ತು ಎಂದುಕೊಂಡೆ.

ಬಾಗಿಲಲ್ಲೇ ಕೈರಾಟೆ ಇದೆ. ಒಂದರ ಮೇಲೊಂದು ಎರಡು ಉರುಳೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ನಡುವೆ ಹತ್ತಿ ಕೊಟ್ಟರೆ ಅರಳೆ ಆಚೆ ಹೋಗುತ್ತದೆ, ಬೀಜ ಈಚೆ ಬೀಳುತ್ತದೆ. ಸಾವಿರ ವರ್ಷಕ್ಕೂ ಹಿಂದಿನಿಂದ ಹೀಗೇ ನಡೆದುಬಂದಿದೆಯಂತೆ. ಅದರ ಪಕ್ಕದಲ್ಲಿ ಹಲ್ಲಿನ ಯಂತ್ರ. ಗರಗಸದಂಥ ಬಿಲ್ಲೆಗಳು ಕಬ್ಬಿಣದ ಸರಳುಗಳ ಸಂದಿಯಿಂದ ಅರಳೆಯನ್ನು ಎಳೆದುಕೊಳ್ಳುತ್ತವೆ, ಬೀಜ ತೂರಲಾರದೆ ಹೊರಗೇ ಉಳಿಯುತ್ತದೆ, ಹಿಂದಿನಿಂದ ಒಂದು ಕುಂಚ ತಿರುಗುತ್ತಾ ಹಲ್ಲುಗಳನ್ನು ಗುಡಿಸುತ್ತದೆ. ಕೆಲಸ ಬೇಗ, ಆದರೆ ಉದ್ದನೆಯ ಎಳೆ ಹರಿದುಹೋಗುತ್ತದೆ. ಅದಕ್ಕೇ ಆಮೇಲೆ ಯಾರೋ ಚರ್ಮದ ಉರುಳೆಗೆ ಅಲಗು ಒತ್ತಿ ನಿಲ್ಲಿಸಿ ಇನ್ನೊಂದು ಮಾಡಿದರು. ನಮ್ಮ ಮಿಲ್ಲಿನಲ್ಲಿರುವುದು ಅದರದೇ ಮೊಮ್ಮಗಳು.

ಬಿಡಿಸುವ ಯಂತ್ರಗಳ ಮೂಲೆಯಲ್ಲಿ ಮಾತ್ರ ನಗು ತಡೆಯಲಾಗಲಿಲ್ಲ. ಒಂದು, ಕೊಳವೆಯಿಂದ ಹತ್ತಿಯನ್ನು ಹೀರುತ್ತಿತ್ತು. ಜೊತೆಗೆ ಎಲೆ, ಮಣ್ಣು, ಹುಳ ಎಲ್ಲವನ್ನೂ ಹೀರಿತು. ಇನ್ನೊಂದು ಗಿಡವನ್ನೇ ಬಾಚುತ್ತಿತ್ತು, ಹಸಿಕಾಯಿಯೂ ಉಳಿಯಲಿಲ್ಲ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಆ ಸೆಳೆತದಿಂದಲೇ ಹತ್ತಿ ಎಳೆಯಲು ನೋಡಿದವರೂ ಇದ್ದರು. ಇಷ್ಟೆಲ್ಲ ಸೋತ ಮೇಲೆ ಕದಿರು ಗೆದ್ದಿತು. ಮುಳ್ಳಿರುವ ಕದಿರು ತಿರುಗುತ್ತಾ ಹೋದರೆ ಹತ್ತಿ ಅದಕ್ಕೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡದ್ದು ಬಿಡಲೊಲ್ಲದು, ಅದಕ್ಕೆ ಕದಿರನ್ನು ಸ್ವಲ್ಪ ಒದ್ದೆ ಮಾಡಬೇಕು. ಆಗ ಹತ್ತಿ ಅಂಟಿಕೊಂಡು ಬರುತ್ತದೆ, ಹಾಗೇ ಜಾರಿ ಕಳಚುತ್ತದೆ. ನನ್ನ ಯಂತ್ರದಲ್ಲಿರುವುದೂ ಇದೇ ಉಪಾಯ, ಕದಿರು ತಿರುಗಿಸಲು ಪುಟ್ಟ ಎಂಜಿನ್ನು, ಮೇಲೊಂದು ನೀರಿನ ಡಬ್ಬಿ, ಅದಕ್ಕೊಂದು ನಲ್ಲಿ.

ಹಲ್ಲಿನ ಯಂತ್ರ ಬಂದು ಸುಮಾರು ನೂರೈವತ್ತು ವರ್ಷದವರೆಗೂ ಬಿಡಿಸುವ ಕೆಲಸ ಕೈಯಲ್ಲೇ ಉಳಿಯಿತು. ಬೀಜ ಬೇಗ ತೆಗೆದಷ್ಟೂ ಹೊಲದಲ್ಲಿ ಕೈಗಳು ಹೆಚ್ಚು ಬೇಕಾದವು. ಅದಕ್ಕಾಗಿ ಒಂದು ದೇಶದಲ್ಲಿ ಇನ್ನಷ್ಟು ಜನರನ್ನು ಗುಲಾಮರೆಂದು ಕೊಂಡು ಮಾರಿದರು. ಗೋಡೆಯ ಫಲಕದಲ್ಲಿ ಆ ಮಾತು ತೀರಾ ಸಣ್ಣ ಅಕ್ಷರದಲ್ಲಿತ್ತು. ಅದಕ್ಕೇ ಮತ್ತೊಮ್ಮೆ ಓದಿದೆ.

ದೊಡ್ಡಕ್ಕನಿಗೆ ಹೇಳಿ, ಪಕ್ಕದ ಹೊಲದಲ್ಲಿ ಲಾರಿಯಷ್ಟು ಎತ್ತರದ ಯಂತ್ರ ಓಡಾಡುತ್ತಿದೆ. ಅದಕ್ಕೆ ಒಬ್ಬ ಚಾಲಕ ಸಾಕು, ಗುಂಪು ಬೇಡ. ಅದು ಇಂದಲ್ಲ ನಾಳೆ ನಮ್ಮ ಕಡೆಗೂ ಬರುತ್ತದೆ. ನನ್ನದು ಒಬ್ಬ ಹೆಂಗಸು ತನ್ನ ಸಾಲಿನಲ್ಲಿ ತಾನೇ ತಳ್ಳಿಕೊಂಡು ಹೋಗುವಂಥದ್ದು. ಮೊದಲ ಆರೂ ಬಿಡಿಸುವ ಗುಂಪುಗಳಿಗೇ ಎಂದು ಯಜಮಾನರಿಂದ ಬರೆಸಿಕೊಂಡೇ ಬಂದಿದ್ದೇನೆ.

ನಿಮ್ಮ ಸೊಸೆ


ಅಕ್ಟೋಬರ್ 17

ಸೊಸೆಗೆ,

ನಿನ್ನ ಕಾಗದವನ್ನು ಗುಂಪಿಗೆಲ್ಲ ಓದಿ ಹೇಳಿದೆ. “ಹುಳಾನೂ ಹೀರ್ತಿತ್ತಾ?” ಎಂದು ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕ ನಗಲಿಲ್ಲ. “ಬರೆಸಿಕೊಂಡಿದಾಳಾ?” ಎಂದಷ್ಟೇ ಕೇಳಿದಳು. ಹೂಂ ಎಂದೆ. ಹೋಗುವಾಗ ಅವಳ ಮುಖ ಬಂದಾಗಿನಷ್ಟು ಬಿಗಿಯಾಗಿರಲಿಲ್ಲ.

ಕೈರಾಟೆ ನನ್ನ ಅಜ್ಜಿಯ ಹತ್ತಿರ ಇತ್ತು. ಮಿಲ್ಲು ಬಂದಾಗ ಅವಳು ಅದನ್ನು ಮಂಚದ ಕೆಳಗೆ ತಳ್ಳಿ ಎರಡು ಹೊತ್ತು ಊಟ ಬಿಟ್ಟಳಂತೆ. ನನ್ನ ಅಮ್ಮ ಅದೇ ಮಿಲ್ಲಿಗೆ ಕೆಲಸಕ್ಕೆ ಸೇರಿದಳು. ಮೊದಮೊದಲು ಹೆಂಗಸರೆಲ್ಲ ರಾಟೆಗೆ ಕೊಟ್ಟ ಹಾಗೆ ಚಿಟಿಕೆ ಚಿಟಿಕೆ ಹತ್ತಿ ಕೊಡುತ್ತಿದ್ದರಂತೆ. ಅಷ್ಟು ದೊಡ್ಡ ಯಂತ್ರ ಬರಿದೇ ಬುರ್ರೆಂದು ತಿರುಗುತ್ತಿತ್ತು, ಮೇಸ್ತ್ರಿ ತಲೆ ಚಚ್ಚಿಕೊಳ್ಳುತ್ತಿದ್ದ. ಕೊನೆಗೆ ಅಮ್ಮನಿಗೆ ರೇಗಿ ಒಂದು ತೆಕ್ಕೆ ಎತ್ತಿ ಸುರಿದಳು. “ಆಗ ಬಾಯಿ ಮುಚ್ಕೊಂಡು ಕೆಲಸ ಮಾಡ್ತು ನೋಡು, ಪಾಪ, ಹಸಿದಿತ್ತು” ಎಂದು ಸಾಯುವವರೆಗೂ ಹೇಳಿ ನಗುತ್ತಿದ್ದಳು. ಹೊಸ ಯಂತ್ರಕ್ಕೆ ಹಳೆಯ ಅಭ್ಯಾಸ ಹೇರಿದರೆ ಆಗುವುದು ಅದೇ.

ಪರೀಕ್ಷೆಯ ದಿನ ತಡ ಮಾಡಬೇಡ. ಬೆಳಗಿನ ಮಂಜಿಗೆ ಒಣ ಎಲೆ ಮೆತ್ತಗಾಗಿ ಬಾಗುತ್ತದೆ. ಬಿಸಿಲೇರಿದರೆ ಮುಟ್ಟಿದಲ್ಲಿ ಪುಡಿಯಾಗಿ ಹತ್ತಿಗೆ ಮೆತ್ತಿಕೊಳ್ಳುತ್ತದೆ. ನಾವು ಎಂದೂ ಬೆಳಗು ಬಿಟ್ಟವರಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಗಂಡ ನೋಡಿ ಬಂದವನು, ಸೊರಗಿದ್ದೀಯ ಎಂದ.

ನಿನ್ನ ಅತ್ತೆ


ನವೆಂಬರ್ 2

ಅತ್ತೆಯವರಿಗೆ,

ಸೋತೆ. ಸುತ್ತಿ ಬಳಸಿ ಬರೆಯಲು ಮನಸ್ಸಿಲ್ಲ.

ಪರೀಕ್ಷೆ ಯಾವ ಹೊತ್ತಿಗೆ ಶುರುವಾಗಬೇಕು ಎಂದು ಆರಿಸುವ ಹಕ್ಕು ನನ್ನದಾಗಿತ್ತು. ಬೆಳಕು ಹರಿಯುತ್ತಲೇ ಎಂದೆ. ಹತ್ತಿಪ್ಪತ್ತು ಗಿಡ ದಾಟುವುದರೊಳಗೆ ಕದಿರುಗಳಿಗೆಲ್ಲ ಒದ್ದೆ ಹತ್ತಿ ಹಗ್ಗದ ಹಾಗೆ ಬಿಗಿದುಕೊಂಡಿತು. ಎಂಜಿನ್ನು ಕೆಮ್ಮಿ ನಿಂತಿತು. ಗಂಟುಮೋರೆಯವರ ಎದುರೇ ಮಂಡಿಯೂರಿ ಕುಳಿತು ಚಾಕುವಿನಿಂದ ಕೊಯ್ದು ತೆಗೆದೆ.

ಬಿಸಿಲೇರಿದ ಮೇಲೆ ಇನ್ನೊಮ್ಮೆ ನಡೆಸುತ್ತೇನೆ ಎಂದು ಬೇಡಿಕೊಂಡೆ. ಆಗ ಯಂತ್ರ ಸರಾಗವಾಗಿ ಓಡಿತು. ಚೀಲ ಬಿಚ್ಚಿದಾಗ ಎಲೆಯ ಪುಡಿ ತುಂಬಿತ್ತು. ಅವರು ಒಂದು ಹಿಡಿ ಎತ್ತಿ, “ಇದು ಹತ್ತಿಯೋ, ಚಹಾಪುಡಿಯೋ?” ಎಂದರು. ಸುತ್ತ ನಿಂತವರು ನಕ್ಕರು.

ಬೆಳಗ್ಗೆ ನಡೆಸಿದರೆ ಕಟ್ಟಿಕೊಳ್ಳುತ್ತದೆ, ಮಧ್ಯಾಹ್ನ ನಡೆಸಿದರೆ ಕಸ ತುಂಬುತ್ತದೆ. ಡಿಸೆಂಬರಿನಲ್ಲಿ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಅದೇ ಕೊನೆಯದು. ಪಂಪು ರಿಪೇರಿಯೂ ಕೆಟ್ಟ ಕೆಲಸವೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡರೂ ಅಳು ಬರುತ್ತದೆ.

ನಿಮ್ಮ ಸೊಸೆ


ನವೆಂಬರ್ 10

ಸೊಸೆಗೆ,

ಬೆಳಕು ಹರಿಯುತ್ತಲೇ ಯಾಕೆ ಶುರು ಮಾಡಿದೆ? ನಾನು ಹೇಳಿದೆ ಎಂದು ತಾನೆ? ನೀನು ಬರೆಯಲಿಲ್ಲ, ಆದರೆ ನನಗೆ ಅಷ್ಟೂ ತಿಳಿಯುವುದಿಲ್ಲವೇ?

ನಾನು ಹೇಳಿದ್ದು ಕೈಗೆ, ನಿನ್ನ ಕಬ್ಬಿಣಕ್ಕಲ್ಲ. ಅಮ್ಮನ ಚಿಟಿಕೆ ಹತ್ತಿಯ ಕಥೆ ಬರೆದವಳೂ ನಾನೇ, ಅದೇ ಕಾಗದದ ಕೆಳಗೆ ಬೆಳಗು ಬಿಡಬೇಡ ಎಂದು ಉಪದೇಶ ಮಾಡಿದವಳೂ ನಾನೇ. ಮಾತು ಕೇಳುವ ಸೊಸೆ ಸಿಕ್ಕಿದ್ದಾಳೆ ಎಂದು ಎಲ್ಲರೂ ಹೊಗಳುತ್ತಾರೆ. ನೀನು ಇಷ್ಟೊಂದು ಕೇಳಬಾರದಿತ್ತು.

ಎರಡು ದಿನ ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ಓಡಾಡಿದೆ. ಈ ಯಂತ್ರ ಸೋತರೆ ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವರು ಚಹಾಪುಡಿ ಎಂದದ್ದು ಓದಿದಾಗ ಎದೆ ಉರಿಯಿತು. ನನ್ನ ಮನೆಯವಳನ್ನು ನೋಡಿ ನಕ್ಕವರು ಯಾರು?

ದೊಡ್ಡಕ್ಕನಿಗೆ ಎಲ್ಲ ಹೇಳಿದೆ. ಗಿಡ ಮೊದಲೇ ಮಂಜಿನಲ್ಲಿ ತೊಯ್ದಿತ್ತು, ನಿನ್ನ ಯಂತ್ರ ಬೇರೆ ನೀರು ಕುಡಿದು ಬಂತು. “ಸ್ನಾನ ಮಾಡಿ ಬಂದವಳ ತಲೆ ಮೇಲೆ ಇನ್ನೊಂದು ಕೊಡ ಸುರಿದ್ರೆ ಅವಳು ಮುನಿಸ್ಕೊಳ್ಳದೆ ಇರ್ತಾಳಾ?” ಎಂದೆ. ಇಬ್ಬರೂ ನಕ್ಕೆವು. ನಿನ್ನ ಕಷ್ಟಕ್ಕೆ ನಕ್ಕೆವು ಎಂದು ಬೇಸರ ಮಾಡಿಕೊಳ್ಳಬೇಡ.

ಪಂಪಿನ ಮಾತು ಇನ್ನೊಮ್ಮೆ ಎತ್ತಬೇಡ.

ನಿನ್ನ ಅತ್ತೆ


ನವೆಂಬರ್ 19

ಅತ್ತೆಯವರಿಗೆ,

ನೀವಿಬ್ಬರೂ ಇನ್ನಷ್ಟು ನಗಿ. ದಿನಾ ನಗಿ.

ನಿಮ್ಮ ಕಾಗದ ಓದಿ ನಾನೂ ನಕ್ಕೆ, ನಗುತ್ತಲೇ ಎದ್ದು ಹೊಲಕ್ಕೆ ಓಡಿದೆ. ನೀರಿನ ನಲ್ಲಿ! ಅದನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ. ದೊಡ್ಡ ಯಂತ್ರಗಳು ಬಿಸಿಲಿನಲ್ಲಿ ಓಡುತ್ತವೆ, ಅವಕ್ಕೆ ನೀರು ಸದಾ ಬೇಕು. ಅವುಗಳನ್ನು ನೋಡಿ ಕಲಿತವಳು ನಾನು, ಮಂಜಿನಲ್ಲೂ ಹಾಗೇ ಬಿಟ್ಟಿದ್ದೆ. ಮರುದಿನ ಬೆಳಗ್ಗೆ ಎಲೆಯ ಮೇಲಿನ ಹನಿ ಆರಿ ತೇವ ಮಾತ್ರ ಉಳಿದಾಗ, ನಲ್ಲಿ ಪೂರ್ತಿ ಮುಚ್ಚಿ ಸಾಲಿಗಿಳಿದೆ. ಮಂಜಿನ ತೇವವೇ ಕದಿರಿಗೆ ಸಾಕಾಯಿತು. ಎಲೆ ಬಾಗಿತು, ಪುಡಿಯಾಗಲಿಲ್ಲ. ಹತ್ತಿ ಬಂತು, ಜಾರಿತು, ಚೀಲಕ್ಕೆ ಬಿತ್ತು. ಬಿಸಿಲೇರಿದಂತೆ ನಲ್ಲಿಯನ್ನು ಚೂರು ಚೂರೇ ತೆರೆಯಬೇಕು. ಯಾವಾಗ, ಎಷ್ಟು ಎಂಬುದನ್ನು ಗಿಡ ಮುಟ್ಟಿಯೇ ತಿಳಿಯಬೇಕು, ನನಗೆ ಈಗೀಗ ರೂಢಿಯಾಗಿದೆ.

ಒಂದೇ ತೊಡಕು. ಕೊನೆಯ ಪರೀಕ್ಷೆಯಲ್ಲಿ ಯಂತ್ರ ಮಾಡಿದವರು ಹೊಲದ ಹತ್ತಿರವೂ ಸುಳಿಯುವಂತಿಲ್ಲ. “ತಾಯೀನೇ ಮಗಳಿಗೆ ಮಾರ್ಕ್ಸ್ ಕೊಟ್ಟ ಹಾಗಾಗುತ್ತೆ” ಎಂದರು ಗಂಟುಮೋರೆ. ಹತ್ತಿ ಬಿಡಿಸಿ ನುರಿತ, ಈ ಯಂತ್ರವನ್ನು ಒಮ್ಮೆಯೂ ಮುಟ್ಟದ ಒಬ್ಬರು ನಡೆಸಬೇಕು. ಇಲ್ಲಿನ ಹೆಂಗಸರನ್ನೆಲ್ಲ ಕೇಳಿ ನೋಡಿದೆ. “ನಮ್ಮ ಅನ್ನ ಕಿತ್ಕೊಳ್ಳೋದಕ್ಕೆ ನಾವೇ ಕೈ ಹಾಕ್ಬೇಕಾ?” ಎಂದು ಮುಖ ತಿರುಗಿಸಿದರು. ಅವರ ತಪ್ಪಿಲ್ಲ, ಕಣ್ಣೆದುರೇ ಲಾರಿಯಷ್ಟು ದೊಡ್ಡದು ಓಡಾಡುತ್ತಿದೆ.

ನಡೆಸುವವರು ನನ್ನ ಮನೆಯವರಾದರೂ ಅಡ್ಡಿಯಿಲ್ಲವಂತೆ. ನೀವು ಬರಬೇಕು, ಅತ್ತೆ. ಡಿಸೆಂಬರ್ 12ಕ್ಕೆ.

ನಿಮ್ಮ ಸೊಸೆ


ನವೆಂಬರ್ 26

ಸೊಸೆಗೆ,

ನಲ್ಲಿಯ ವಿಷಯ ಕೇಳಿ ದೊಡ್ಡಕ್ಕ ಈಗ ತಾನೇ ಯಂತ್ರ ಕಂಡುಹಿಡಿದವಳ ಹಾಗೆ ತಿರುಗಾಡುತ್ತಿದ್ದಾಳೆ.

ನಾನು ಬರುವುದು ಕಷ್ಟ. ಮನೆಗೆ ಸುಣ್ಣ ಬಳಿಸಬೇಕು. ಹಿಂದಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಲಾರಿಯಲ್ಲಿ ಕುಳಿತರೆ ನನಗೆ ತಲೆ ಸುತ್ತುತ್ತದೆ, ನಿನ್ನ ಗಂಡ ಓಡಿಸುವುದು ನಿನಗೆ ಗೊತ್ತೇ ಇದೆ. ದೊಡ್ಡಕ್ಕನನ್ನು ಕಳಿಸಲೇ? ಅವಳ ಕೈ ಇನ್ನೂ ಗಟ್ಟಿಯಾಗಿದೆ.

ನಿನ್ನ ಅತ್ತೆ


ಡಿಸೆಂಬರ್ 1

ಅತ್ತೆಯವರಿಗೆ,

ಹಿಡಿ ನಿಮ್ಮ ಕೈಗೇ ಮಾಡಿದ್ದು. ದೊಡ್ಡಕ್ಕನ ಕೈಗೆ ಹೊಂದುವುದಿಲ್ಲ.

ಸುಣ್ಣ ಆಮೇಲೆ ಬಳಿಸೋಣ. ಬಾಗಿಲು ನಾನು ಬಂದು ಸರಿ ಮಾಡುತ್ತೇನೆ. ಬನ್ನಿ.

ನಿಮ್ಮ ಸೊಸೆ


ಡಿಸೆಂಬರ್ 6

ಬರುತ್ತೇನೆ. ತಳ್ಳಲು ಆಗದಿದ್ದರೆ ನನ್ನನ್ನು ಬೈಯಬಾರದು.

ಅತ್ತೆ


ಡಿಸೆಂಬರ್ 14

ಸೊಸೆಗೆ,

ನಾನು ಬಂದ ತಕ್ಷಣ ನಿನ್ನನ್ನು ಆ ಹಳೆಯ ಯಂತ್ರಗಳ ಶೆಡ್ಡಿಗೆ ಕಳಿಸಿ ಬಾಗಿಲೆಳೆದರು. ಮುಗಿದ ಕೂಡಲೇ ನಿನ್ನ ಗಂಡ, ಲೋಡು ತಡವಾಯಿತು ಎಂದು ನನ್ನನ್ನು ಲಾರಿಗೆ ಹತ್ತಿಸಿಕೊಂಡು ಹೊರಟ. ನಿನ್ನ ಮುಖವನ್ನು ಸರಿಯಾಗಿ ನೋಡಲೂ ಆಗಲಿಲ್ಲ. ನೀನು ಏನೂ ನೋಡಿಲ್ಲ, ಅಲ್ಲಿನವರು ಫಲಿತಾಂಶ ಬರುವವರೆಗೆ ಬಾಯಿ ಬಿಡುವುದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ಕೇಳು.

ಹೊಲದ ಅಂಚಿನಲ್ಲಿ ಅಲ್ಲಿನ ಹೆಂಗಸರು ಕೈಕಟ್ಟಿ ನಿಂತಿದ್ದರು. ಗಂಟುಮೋರೆ ನಿಜಕ್ಕೂ ಗಂಟುಮೋರೆಯೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಗುತ್ತಾ ಅಮ್ಮ?” ಎಂದರು. ಆಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹಿಂದಿನ ರಾತ್ರಿಯಿಡೀ ಅದನ್ನೇ ಯೋಚಿಸಿದ್ದೆ. ಎಲ್ಲರೆದುರು ಹಿಡಿ ಜಾರಿದರೆ ನಿನ್ನ ಗತಿಯೇನು ಎಂದು.

ಆಮೇಲೆ ಹಿಡಿಯ ಮೇಲೆ ಕೈ ಇಟ್ಟೆ.

ಅದು ದರ್ಜಿಯ ಕೈಗೆ ಮಾಡಿದ ಹಿಡಿಯಲ್ಲ. ನಾನು ಕಳಿಸಿದ್ದು ಅವಳ ಕೈಯ ಗೆರೆ, ನಿನಗದು ಗೊತ್ತಿದೆ ಎಂದು ಆಗಲೇ ಗೊತ್ತಾಯಿತು. ನನ್ನ ಬೆರಳು ಮಡಚದೆ ಎರಡು ವರ್ಷವಾಯಿತು. ಹತ್ತಿ ಬಿಡಿಸುವುದಿರಲಿ, ಗುಂಡಿ ಹಾಕಲೂ ಬರುವುದಿಲ್ಲ. ಕಾಗದ ಬರೆಯುವುದೂ ಎಡಗೈಯ ಬೆರಳ ಸಂದಿಗೆ ಪೆನ್ನು ಸಿಕ್ಕಿಸಿಕೊಂಡು. ಯಾರಿಗೂ ಹೇಳಿರಲಿಲ್ಲ. ಬಿರುಗಾಳಿ ಎನ್ನಿಸಿಕೊಂಡವಳು ಹೇಗೆ ಹೇಳಲಿ? ನಿನ್ನ ಹಿಡಿ ದಪ್ಪಗೆ, ಬಾಗಿಕೊಂಡು, ಬೆರಳನ್ನು ಏನೂ ಕೇಳುವುದಿಲ್ಲ. ಅಂಗೈ ಇಟ್ಟು ತೋಳಿನಿಂದ ಒತ್ತಿದರೆ ಸಾಕು. ನಲ್ಲಿಯನ್ನೂ ಮೊಣಕೈಯಿಂದ ತಿರುಗಿಸುವ ಹಾಗೆ ಮಾಡಿದ್ದೀಯ. ನನಗೆ ಕಣ್ಣು ತುಂಬಿತು. ಗಂಟುಮೋರೆ ನೋಡಬಾರದೆಂದು ತಲೆ ತಗ್ಗಿಸಿ, ಗಿಡ ಪರೀಕ್ಷೆ ಮಾಡುವವಳ ಹಾಗೆ ನಟಿಸಿದೆ.

ಗಿಡದ ಪರೀಕ್ಷೆಯೂ ಆಯಿತು. ಬೆರಳಿಗೆ ಈಗ ತೇವ ತಿಳಿಯುವುದಿಲ್ಲ, ಎಲೆಯನ್ನು ಕೆನ್ನೆಗೆ ಒತ್ತಿ ನೋಡಿದೆ. ಹನಿ ಆರಿತ್ತು, ತಂಪು ಇತ್ತು. ನಲ್ಲಿ ಮುಚ್ಚಿಯೇ ಹೊರಟೆ. ಮೊದಲ ಸಾಲು ಹೆದರುತ್ತಾ ಹೋದೆ. ತುದಿಯಲ್ಲಿ ನಿಂತು ಹಿಂದಿರುಗಿ ನೋಡಿದೆ. ಗಿಡ ನಿಂತಿತ್ತು, ಹಸಿಕಾಯಿ ಹಾಗೇ ಇತ್ತು, ಬಿಳಿ ಮಾತ್ರ ಇರಲಿಲ್ಲ. ಇಡೀ ಸಾಲಿನಲ್ಲಿ ಬಿಳಿ ಇರಲಿಲ್ಲ! ನಾನು ಹದಿಹರೆಯದಲ್ಲಿಯೂ ಅಷ್ಟು ಬೇಗ ಒಂದು ಸಾಲು ಮುಗಿಸಿದವಳಲ್ಲ.

ಎರಡನೆಯ ಸಾಲಿಗೆ ಹೆದರಿಕೆ ಹೋಯಿತು. ಮೂರನೆಯದಕ್ಕೆ ಗಂಟುಮೋರೆ ನನ್ನ ಹಿಂದೆ ಓಡುತ್ತಿದ್ದರು. ಬಿಸಿಲೇರಿತು, ಮತ್ತೆ ಎಲೆ ಕೆನ್ನೆಗೆ ಒತ್ತಿಕೊಂಡೆ, ನಲ್ಲಿಯನ್ನು ಚೂರು ತೆರೆದೆ. ಒಂದು ಸಲವೂ ಕಟ್ಟಿಕೊಳ್ಳಲಿಲ್ಲ. ಅವರು “ಸಾಕಮ್ಮ, ಇಷ್ಟೇ ಬೇಕಾಗಿದ್ದು” ಎಂದರು. ನಾನು ಕೇಳಿಸದವಳ ಹಾಗೆ ಇನ್ನೊಂದು ಸಾಲು ಮುಗಿಸಿದೆ. ಅಷ್ಟರಲ್ಲಿ ಅಂಚಿನ ಹೆಂಗಸರು ಕಟ್ಟಿದ ಕೈ ಬಿಚ್ಚಿ ಹೊಲದೊಳಗೇ ಬಂದಿದ್ದರು. ಒಬ್ಬಳು ಹತ್ತಿರ ಬಂದು, “ಅಕ್ಕಾ, ನಾನೊಂದು ಸಲ ತಳ್ಳಿ ನೋಡ್ಲಾ?” ಎಂದಳು. “ಇದು ನನ್ನ ಸೊಸೇದು. ಅವಳನ್ನ ಕೇಳು” ಎಂದೆ. ಹಾಗೆ ಹೇಳುವಾಗ ನನಗೆ ಆದ ಜಂಬವನ್ನು ಬರೆಯಲು ಬರುವುದಿಲ್ಲ.

ನಿನಗೆ ಯಾವಾಗ ಗೊತ್ತಾಯಿತು?

ನಿನ್ನ ಅತ್ತೆ


ಡಿಸೆಂಬರ್ 28

ಅತ್ತೆಯವರಿಗೆ,

ಗೆದ್ದೆವು.

ನೀವು ಬಿಡಿಸಿದ ಹತ್ತಿಯನ್ನೂ, ಇಲ್ಲಿನ ಹೆಂಗಸರು ಅದರ ಹಿಂದಿನ ಬೆಳಗ್ಗೆ ಕೈಯಿಂದ ಬಿಡಿಸಿದ್ದನ್ನೂ ಒಂದೇ ಯಂತ್ರದಲ್ಲಿ ಬೀಜ ತೆಗೆಸಿ, ಎರಡು ಗುಡ್ಡೆ ಅರಳೆಯನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟರು. ಯಾವುದು ಯಾವುದೆಂದು ಗುರುತಿರಲಿಲ್ಲ. ಗಂಟುಮೋರೆಯವರು ಕನ್ನಡಕ ಒರೆಸಿಕೊಂಡು ಎರಡನ್ನೂ ಎಳೆದು, ಹಿಂಜಿ, ಬೆಳಕಿಗೆ ಹಿಡಿದು ನೋಡಿದರು. ಎಡಗಡೆಯದನ್ನು ಮುಟ್ಟಿ, “ಇದು ಕೈಯಿಂದ ಬಿಡಿಸಿದ್ದು, ಸಂಶಯವೇ ಬೇಡ” ಎಂದರು. ಗುಮಾಸ್ತರು ಚೀಟಿ ತೆರೆದರು. ಎಡಗಡೆಯದು ನಮ್ಮದು. ಅವರು ಇನ್ನೊಮ್ಮೆ ಅರಳೆಯನ್ನು ಮುಟ್ಟಿ ನೋಡಿದರು. ಆಮೇಲೆ ನಕ್ಕರು. ಅತ್ತೆ, ಅವರಿಗೆ ಹಲ್ಲುಗಳಿವೆ, ನಾನು ಕಣ್ಣಾರೆ ಕಂಡೆ. “ಅವತ್ತು ಚಹಾಪುಡಿ ಅಂದಿದ್ದೆ. ಇವತ್ತು ಆ ಮಾತು ವಾಪಸ್ ತಗೊಂಡಿದೀನಿ” ಎಂದು ಎಲ್ಲರೆದುರು ಹೇಳಿದರು. ಆರು ಯಂತ್ರಗಳ ಕೆಲಸ ಜನವರಿಯಿಂದಲೇ ಶುರು. ಮೊದಲನೆಯದು ದೊಡ್ಡಕ್ಕನ ಗುಂಪಿಗೆ, ಎರಡನೆಯದು ಇಲ್ಲಿ ಕೈಕಟ್ಟಿ ನಿಂತಿದ್ದವರಿಗೆ. ಅವರು ತಾವಾಗಿಯೇ ಬಂದು ಕೇಳಿದರು.

ಯಾವಾಗ ಗೊತ್ತಾಯಿತು ಎಂದು ಕೇಳಿದಿರಿ. ನೀವು ಚಹಾದ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತೀರಿ. ಕೇಳಿದರೆ ಚಳಿ ಎನ್ನುತ್ತೀರಿ. ಕಳೆದ ಬೇಸಿಗೆಯಲ್ಲೂ ಚಳಿ ಎಂದಿರಿ. ಅಂದೇ ಈ ಯಂತ್ರದ ಮೊದಲ ಗೆರೆ ಎಳೆದೆ. ಹಾಳೆಯ ಮೇಲಿನ ಕೈ ನಿಮ್ಮದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು, ಬೆರಳುಗಳೆಲ್ಲ ಸಪಾಟಾಗಿ ಮಲಗಿದ್ದವು, ಗೆರೆಯೂ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿತ್ತು. ಆದ್ದರಿಂದ ಲೋಟ ಹಿಡಿದ ನಿಮ್ಮ ಕೈಯನ್ನು ನೆನೆದುಕೊಂಡು ಹಿಡಿ ಮಾಡಿದೆ. ಸರಿಬಂದಿದೆಯೋ ಇಲ್ಲವೋ ಎಂದು ಶೆಡ್ಡಿನಲ್ಲಿ ಕುಳಿತು ಉಗುರು ಕಚ್ಚಿದವಳಿಗೆ ಎಂಜಿನ್ನಿನ ಸದ್ದು ಒಂದೇ ಸಮ ಕೇಳಿಸಿತು. ಅದು ನಿಲ್ಲಲೇ ಇಲ್ಲ.

ನಿಮ್ಮ ಸೊಸೆ


ಜನವರಿ 7

ಸೊಸೆಗೆ,

ನಿನ್ನ ಕಾಗದವನ್ನು ನಮ್ಮ ಮನೆಯ ಮುಂದೆ ಗುಂಪಿನವರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದಿದೆ. ಗಂಟುಮೋರೆ ನಕ್ಕ ಜಾಗವನ್ನು ಮತ್ತೆ ಮತ್ತೆ ಓದಿಸಿದರು. ನಿನ್ನ ಗಂಡ, ಎಲ್ಲದಕ್ಕೂ ತಾನು ಹೊಂಡ ಹಾರಿಸಿ ಯಂತ್ರವನ್ನು ಗಟ್ಟಿ ಮಾಡಿದ್ದೇ ಕಾರಣ ಎಂದು ಸಾರಿದ. ನಾನು ಬೋಲ್ಟಿನ ವಿಷಯ ಹೇಳಿಬಿಟ್ಟೆ, ಕ್ಷಮಿಸು.

ಆಮೇಲೆ ಎಲ್ಲರೆದುರು ನನ್ನ ಕೈಯನ್ನು ಎತ್ತಿ ತೋರಿಸಿದೆ. ಮಡಚುವುದಿಲ್ಲ ನೋಡಿ ಎಂದೆ. ದೊಡ್ಡಕ್ಕ ಎದ್ದು ಬಂದು ನನ್ನ ಕೈ ಪಕ್ಕ ತನ್ನ ಕೈ ಹಿಡಿದಳು. ಅವಳ ಎರಡು ಬೆರಳೂ ಹಾಗೇ ನಿಂತಿವೆ. ಗಟ್ಟಿ ಕೈ ಎಂದು ನಿನಗೆ ಬರೆದಿದ್ದೆನಲ್ಲ, ಅವಳು ನನಗಿಂತ ಚೆನ್ನಾಗಿ ಮುಚ್ಚಿಟ್ಟಿದ್ದಳು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದರು.

ಇದರ ಜೊತೆ ಒಂದು ಕಟ್ಟು ಹಾಳೆ ಕಳಿಸುತ್ತಿದ್ದೇನೆ. ಗುಂಪಿನ ಎಲ್ಲರ ಕೈಯ ಗೆರೆಯೂ ಇದೆ, ಯಂತ್ರವನ್ನು ಎಲ್ಲರೂ ಸರದಿಯಲ್ಲಿ ತಳ್ಳಬೇಕಲ್ಲ. ಮೇಲಿನ ಹಾಳೆ ನನ್ನದು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ನಾನೇ ಎಳೆದೆ. ಬೆರಳು ನೆಟ್ಟಗೆ ಮಲಗುವುದಿಲ್ಲ, ಗೆರೆ ಅಲ್ಲಲ್ಲಿ ಎಗರಿದೆ. ಅದು ಪೆನ್ಸಿಲಿನ ತಪ್ಪಲ್ಲ.

ಈ ಸಲ ಅಳತೆ ಸರಿಯಾಗಿದೆ. ಇದನ್ನೇ ನೋಡಿ ಮಾಡು. ಬೇಗ ಬಾ, ಬಾಗಿಲಲ್ಲೇ ನಿಂತಿರುತ್ತೇನೆ.

ಬಿರುಗಾಳಿ